ಮೂಕ ಗಾಡಿಗೆ ಗೆಜ್ಜೆಸರ

ವಿಜಾಪುರ, ಸಿದ್ಧೇಶ್ವರ ಗುಡಿಯ ಹಿಂದಿನ ಓಣಿ
ತಾ. ೧೪-೨-೧೯೪೪, ಸೋಮವಾರ

ಮಿರಜ ದವಾಖಾನೆಯಲ್ಲಿ ಗಂಡನ ಹತ್ತಿರ ಇರುವ ಮಗಳು ನೀಲಾಬಾಯಿಗೆ ನಿಮ್ಮಪ್ಪ ಶಿವಯೋಗೆಪ್ಪನ ಆಶೀರ್ವಾದಗಳು.

ಅಳಿಯ ಸಂಗಣ್ಣನ ಬಲಗಣ್ಣಿನ ಪಟ್ಟಿ ಬಿಚ್ಚಿದರೋ ಇಲ್ಲವೋ ಮೊದಲು ತಿಳಿಸು. ಎಡಗಣ್ಣು ಹೋಯಿತೆಂದು ಅವನ ಧಣಿ ಅಂಬಾದಾಸ ಶೇಟನ ಗುಮಾಸ್ತ ಬಂದು ಹೇಳಿಹೋದ. ಬಲಗಣ್ಣಿಗೆ ದೀಪವಾದರೂ ಕಾಣುತ್ತದೆಯೇ, ಡಾಕ್ಟರನನ್ನು ನಿಲ್ಲಿಸಿ ಕೇಳು, ಸಂಕೋಚ ಬೇಡ. ನೀನು ಹೊಟ್ಟೆಗೆ ತಿನ್ನುತ್ತೀಯಾ? ಅಳುತ್ತ ಕೂತರೆ ಅವನಿಗೆ ಉಣಿಸುವವರು ಯಾರು? ಇತ್ತ ಎಲ್ಲರೂ ಕ್ಷೇಮ ಎಂದು ಬರೆಯುವುದು ರೂಢಿ. ಕ್ಷೇಮ ಇಲ್ಲ, ಬರೆಯುವುದಿಲ್ಲ. ನಾನು ಮೂರನೆಯ ಇಯತ್ತೆಯಲ್ಲಿ ಮಾಸ್ತರನ ಬೆತ್ತ ಕಸಿದು ಅವನಿಗೇ ಎರಡು ಬಾರಿಸಿ ಸಾಲಿ ಬಿಟ್ಟವನು. ಅಕ್ಷರ ಅಡ್ಡಾದಿಡ್ಡಿ ಬಿದ್ದರೆ ಹೊಂದಿಸಿಕೊಂಡು ಓದು. ಇದನ್ನು ಇನ್ನೊಬ್ಬರ ಕೈಯಿಂದ ಬರೆಸುವಂತಿಲ್ಲ.

ಆ ಗಾಡಿ ಊರಿಗೆ ಬಂದ ದಿನದಿಂದ ನನಗೆ ಮೈಯುರಿ. ಯುದ್ಧ ಅಂತ ಪೆಟ್ರೋಲಿಗೆ ರೇಶನ್ ಮಾಡಿದರು, ಅಂಬಾದಾಸ ಶೇಟ ಮುಂಬಯಿಯಿಂದ ಬ್ಯಾಟರಿ ಮೇಲೆ ಓಡುವ ಗಾಡಿ ತರಿಸಿದ. ಹೊಗೆ ಇಲ್ಲ, ಸಪ್ಪಳ ಇಲ್ಲ. ರಾತ್ರಿ ಗಿರಣಿಯಲ್ಲಿ ಕರೆಂಟು ಕುಡಿದು, ಹಗಲೆಲ್ಲ ಸ್ಟೇಶನ್ನಿನಿಂದ ಪೇಟೆಯ ಅಂಗಡಿಗಳಿಗೆ ಎಣ್ಣೆ ಡಬ್ಬಿ, ಸಕ್ಕರೆ ಚೀಲ ಮುಟ್ಟಿಸುವುದು. ನಾವು ಗಾಡಿಕಾರರೆಲ್ಲ ಅದಕ್ಕೆ ಮೂಕ ಗಾಡಿ ಎಂದು ಹೆಸರಿಟ್ಟೆವು. ನಮ್ಮ ಬಾಯಿಗೆ ಮಣ್ಣು ಹಾಕುವ ಆ ಗಾಡಿಯನ್ನು ನಡೆಸಲಿಕ್ಕೆ ನನ್ನ ಅಳಿಯನೇ ಹೋಗಿ ಕೂತ. ಒಮ್ಮೆ ತಿಕೋಟಾಕ್ಕೆ ಹೊರಟು ಅರ್ಧ ದಾರಿಯಲ್ಲಿ ಅದು ಕರೆಂಟು ತೀರಿ ನಿಂತಾಗ ನನ್ನ ಮಾಣಿಕ, ಬಸ್ಯಾ ಎರಡೂ ಎತ್ತು ಅದನ್ನು ಊರಿಗೆ ಎಳೆದು ತಂದವು. ದಾರಿಯುದ್ದಕ್ಕೂ ನಾನು ಹಂಗಿಸಿದೆ: “ತಗೋಲೇ ಬಾರಕೋಲ, ನಿನ್ನ ಗಾಡಿಗೂ ಎರಡ ಹಾಕು.” ಅವನು ನಕ್ಕು, “ಹಾಕತಿದ್ದೆ ಮಾವಾರ, ಆದ್ರ ಇದಕ್ಕ ತಿರುವಾಕ ಬಾಲನ ಇಲ್ಲಲ್ರಿ” ಅಂದ. ಆಗ ನಾನೂ ನಕ್ಕಿದ್ದೆ. ಅದು ನಿನಗೆ ಗೊತ್ತಿರಲಿ.

ಮಾಣಿಕ ಸತ್ತದ್ದು ನಿನಗೆ ಗೊತ್ತು, ಹೇಗೆ ಸತ್ತನೆಂದು ನೀನು ನೋಡಿಲ್ಲ. ಗುಡಿಯ ಮೂಲೆಯಲ್ಲಿ ಸಂಗಣ್ಣ ನಡೆಸುತ್ತಿದ್ದ ಮೂಕ ಗಾಡಿ ಬೆನ್ನಿಗೆ ಬಂದು ನಿಂತದ್ದು ನನಗೂ ತಿಳಿಯಲಿಲ್ಲ, ಎತ್ತಿಗೂ ತಿಳಿಯಲಿಲ್ಲ. ಹೊರಳಿ ನೋಡಿ ಬೆದರಿದ, ಹಾಸುಗಲ್ಲಿನ ಮೇಲೆ ಗೊರಸು ಜಾರಿತು, ಮುಂಗಾಲಿನ ಎಲುಬು ಲಟಕ್ಕನೆ ಮುರಿದು ತೊಗಲು ಹರಿದು ಹೊರಗೆ ಬಂತು. ಅಂಥ ಎತ್ತು ನಾಲ್ಕು ದಿನ ಕೂಗಿತು. ನಾಲ್ಕನೆಯ ದಿನ ಗಾಯದಲ್ಲಿ ಹುಳ ಬಿದ್ದವು. ತಿಕೋಟಾದಿಂದ ಹಾಲು ಬಿಡದ ಕರುವನ್ನು ಹೆಗಲ ಮೇಲೆ ಹೊತ್ತು ತಂದವನು ನಾನು, ಅದರ ತಲೆ ತೊಡೆಯ ಮೇಲಿಟ್ಟುಕೊಂಡು ಜೀವ ಹೋಗಲಿ ಎಂದು ಬೇಡಿದವನೂ ನಾನೇ. ಸಂಗಣ್ಣ ಬಾಗಿಲಿಗೆ ಬಂದು ನಿಂತ. “ಕಾಲ ಮುರೀತೇನಿ, ನಡಿ” ಅಂದೆ. ಹೋದ.

ಮುಂದೆ ಎಂಟು ದಿನಕ್ಕೆ, ಬಾಡಿಗೆಯ ಎತ್ತು ಹೂಡಿಕೊಂಡು ಪೇಟೆಯಲ್ಲಿ ಬೆಲ್ಲದ ಪೆಂಟೆ ಇಳಿಸುತ್ತಿದ್ದೆ. ಹಿಂದಿನಿಂದ ಮಾಣಿಕನ ಗೆಜ್ಜೆಸರ ಕೇಳಿಸಿತು. ಹದಿನೆಂಟು ಹಿತ್ತಾಳೆ ಗೆಜ್ಜೆ, ಅದರಲ್ಲಿ ಒಂದು ಸೀಳಿದ್ದು. ಆ ಒಡಕು ದನಿಯನ್ನು ಎಂಥ ಸಂತೆಯಲ್ಲೂ ಗುರುತಿಸುತ್ತೇನೆ. ಯವ್ವಾ, ನಾನು ಖುಷಿಯಿಂದ ತಿರುಗಿದೆ. ಎತ್ತು ಬಂತು ಎಂದೇ ತಿರುಗಿದೆ. ನೋಡಿದರೆ ಮೂಕ ಗಾಡಿಯ ಮೂತಿಗೆ ನನ್ನ ಎತ್ತಿನ ಗೆಜ್ಜೆಸರ ಕಟ್ಟಿದೆ, ಮೇಲೆ ಸಂಗಣ್ಣ ಕೂತಿದ್ದಾನೆ.

ಕೊಂದದ್ದಲ್ಲದೆ ಕೊರಳ ಸರ ತೆಗೆದು ಮೆರೆಸುತ್ತಾನೆ ಎಂದುಕೊಂಡೆ. ಗಾಲಿ ಎತ್ತುವ ಹಾರೆ ಕೈಯಲ್ಲಿತ್ತು. ಮೊದಲನೆಯ ಏಟಿಗೆ ಕಂದೀಲು ಒಡೆಯಿತು, ಎರಡನೆಯದಕ್ಕೆ ಸರ ಹರಿದು ಗೆಜ್ಜೆಗಳು ಗಟಾರಕ್ಕೆ ಹಾರಿದವು. ಸಂಗಣ್ಣನನ್ನು ಅಂಗಿ ಹಿಡಿದು ಕೆಳಗೆಳೆದು ಎದೆಗೆ ಒದ್ದೆ. ಅವನು ಏಳಲಿಲ್ಲ, ತೆವಳಿದ. ಗಾಡಿಯ ಮಗ್ಗುಲಿನ ಮುಚ್ಚಳ ಕಿತ್ತು ನಾನು ಬ್ಯಾಟರಿಗೆ ಹಾರೆ ಎತ್ತಿದಾಗ ಅವನು ನಡುವೆ ಬಂದು ಎರಡೂ ಕೈ ಅಡ್ಡ ಹಿಡಿದು ಬಾಗಿದ. “ತೇಜಾಬ ಐತ್ರಿ ಮಾವಾರ, ನಿಮ್ಮ ಮ್ಯಾಲ ಸಿಡಿತೈತಿ, ಹೊಡಿಬ್ಯಾಡ್ರಿ!” ಕೇಳಿಸಿತು. ಕೇಳಿಸಲಿಲ್ಲ ಎಂದು ನಿನಗೆ ಸುಳ್ಳು ಹೇಳುವುದಿಲ್ಲ. ಶೇಟನ ಸಾಮಾನು ಕಾಯಲಿಕ್ಕೆ ನಾಟಕ ಮಾಡುತ್ತಾನೆ ಎಂದು ಇನ್ನೂ ಜೋರು ಬೀಸಿದೆ. ಬ್ಯಾಟರಿ ಬಿರಿದು ಒಳಗಿನ ಸುಡುವ ತೇಜಾಬ ಅವನ ಮುಖಕ್ಕೆ ಚಿಮ್ಮಿತು. ಅವನು ಕೂಗಿದ ದನಿ, ಮುಖ ಉಜ್ಜಿದಲ್ಲೆಲ್ಲ ತೊಗಲು ಬಿಳಚಿ ಎದ್ದುಬಂದದ್ದು, ಆ ವಾಸನೆ, ಇದಕ್ಕಿಂತ ಹೆಚ್ಚು ನಾನು ಬರೆಯಲಾರೆ. ನೀರು ತಂದು ಸುರಿದವನು ಸೋಡಾ ಅಂಗಡಿಯ ಮೌಲಾಸಾಬ. ನಾನು ಹಾರೆ ಹಿಡಿದುಕೊಂಡು ಕಂಬದ ಹಾಗೆ ನಿಂತಿದ್ದೆ.

ಸಂಜೆ ಗಾಡಿ ಅಡ್ಡೆಯಲ್ಲಿ ಗಾಡಿಕಾರ ತುಕಾರಾಮ ನನ್ನ ಬೆನ್ನು ಚಪ್ಪರಿಸಿ, “ಶಾಭಾಸ ಕಾಕಾ! ಒಡದ ಬ್ಯಾಟರಿ ಒಯ್ದು ಕೋಟಿ ಕಂದಕಕ್ಕ ಒಗದ ಬಂದೇನಿ, ಸಾಕ್ಷಿನ ಇಲ್ಲ. ಇನ್ನ ಯಾಂವ ಏನ ಕಿತ್ತಕೊಂತಾನ?” ಅಂದ. ಅವನ ಬಾಯಿಗೆ ಗುದ್ದಿದೆ. ಎರಡು ಹಲ್ಲು ಉಗುಳಿದ. ಮೂರು ಜನ ಸೇರಿ ನನ್ನನ್ನು ಎಳೆಯಬೇಕಾಯಿತು. ಮರುದಿನ ನಿಮ್ಮವ್ವ ನನ್ನ ಧೋತರ ನೀರಿಗೆ ಹಾಕಿದಳು, ಅದು ಜರಡಿಯಾಯಿತು, ತೇಜಾಬದ ತೂತು. ಅದನ್ನೇ ಹಿಂಡಿ ನನ್ನ ಗಂಗಾಳದಲ್ಲಿ ಇಟ್ಟಳು. “ಇದನ್ನ ಉಣ್ಣು. ಗೆಜ್ಜಿಸರ ಗೂಟದಿಂದ ತಗದ ಕೊಟ್ಟಾಕಿ ನಾನು, ಗಾಡಿಗೆ ಕಟ್ಟಿದಾಕಿ ನಿನ್ನ ಮಗಳು. ಇನ್ನೊಂದ ಎತ್ತ ಬೆದರಿ ಸಾಯಬಾರದಂತ ಕಟ್ಟಿದ್ಳು.”

ನೀಲಾ, ಇದನ್ನು ನೀನು ನನಗೆ ಮೊದಲೇ ಏಕೆ ಹೇಳಲಿಲ್ಲ? ಹೇಳಲಿಕ್ಕೆ ನಾನು ಯಾರಿಗೆ ಬಾಯಿ ಬಿಡಗೊಟ್ಟಿದ್ದೇನೆ, ಅದೂ ನಿಜ.

ಈಗ ನನ್ನ ಸಿಟ್ಟು ನಿನ್ನ ಗಂಡನ ಮೇಲೆ. ಮುಖ ಬೇಯುತ್ತಿರುವಾಗ ಪೊಲೀಸ್ ಫೌಜದಾರನ ಮುಂದೆ, “ಬ್ಯಾಟರಿಗೆ ತೇಜಾಬ ಸುರುವಾಗ ನನ್ನ ಕೈ ತಪ್ಪೇತ್ರಿ” ಎಂದು ಹೇಳಿಕೆ ಕೊಟ್ಟನಂತೆ. ಯಾರು ಹೇಳಿದ್ದರು ಅವನಿಗೆ? ನೋಡಿದ ಗಾಡಿಕಾರರೆಲ್ಲ ನೋಡಿಲ್ಲ ಅಂದರು. ಅಂಬಾದಾಸ ಶೇಟ ನಡು ಪೇಟೆಯಲ್ಲಿ ನನ್ನನ್ನು ನಿಲ್ಲಿಸಿ, “ನಿನ್ನ ಅಳಿಯಾಗ ಕಣ್ಣ ಮೊದಲನ ಇದ್ದಿಲ್ಲ ಬಿಡು, ನನ್ನ ಗಾಡಿ ಹಾಳ ಮಾಡಿದ, ಕೆಲಸದಿಂದ ತಗದೇನಿ” ಅಂದ. ಹೊಡೆಯಲು ಕೈ ಎತ್ತಿದೆ. ಕೈ ಮೇಲೆಯೇ ನಿಂತಿತು. ಯಾವ ಮುಖದಿಂದ ಹೊಡೆಯಲಿ?

ನಿನ್ನೆ ಬಾಬಲೇಶ್ವರಕ್ಕೆ ಹೋಗಿದ್ದೆ. ನಿನ್ನ ಅತ್ತೆ ದುಂಡವ್ವ ಕೈಕಾಲಿಗೆ ನೀರು ಕೊಟ್ಟಳು, ಕಂಬಳಿ ಹಾಸಿದಳು. “ನೀವು ಹತ್ತರ ಇದ್ದೀರೆಂತ ನನಗ ಧೈರ್ಯ ನೋಡ್ರಿ ಬೀಗರ” ಅಂದಳು. ನಾನು ನಿಂತುಕೊಂಡೇ ಅಂದೆ, “ಕಣ್ಣ ತಗದಾಂವ ನಾನ.” ಮೊದಲು ಅವಳಿಗೆ ತಿಳಿಯಲಿಲ್ಲ. ಎರಡನೆಯ ಸಲ ಹೇಳಿದೆ. ಹಿತ್ತಾಳೆ ಚರಗಿಯಿಂದ ನನ್ನ ಹಣೆಗೆ ಬೀಸಿದಳು, ಮತ್ತೊಮ್ಮೆ ಬೀಸಿದಳು, ಕೈ ಸೋಲುವ ತನಕ ಬೀಸಿದಳು. ನೆತ್ತರು ಕಣ್ಣಿಗಿಳಿಯಿತು. ತಲೆ ತಗ್ಗಿಸಿ ನಿಂತೆ. ಅಷ್ಟು ಹೊತ್ತು ನಾನು ಪೆಟ್ಟು ತಿಂದು ಸುಮ್ಮನೆ ನಿಂತದ್ದು ಹುಟ್ಟಿದ ಮೇಲೆ ಅದೇ ಮೊದಲು. ಮಾಫಿ ಕೇಳುವುದು ನನಗೆ ಬರುವುದಿಲ್ಲ, ಅವಳನ್ನೂ ಕೇಳಲಿಲ್ಲ, ನಿನ್ನನ್ನೂ ಕೇಳುವುದಿಲ್ಲ. ಈ ಪತ್ರವನ್ನು ಸಂಗಣ್ಣನಿಗೆ ಪೂರ್ತಿ ಓದಿ ಹೇಳು, ನಡುವೆ ಬಿಡಬೇಡ.

ನಿನ್ನ ಹೊಟ್ಟೆ ತಣ್ಣಗಿರಲಿ. ಅವನ ಬಲಗಣ್ಣು ನಮ್ಮ ಗುಡಿಯ ಸಿದ್ಧರಾಮ ಉಳಿಸಲಿ. ನಿಮ್ಮವ್ವ ಭೀಮಾಬಾಯಿ ಇಬ್ಬರಿಗೂ ಹರಸಿದ್ದಾಳೆ, ಹಾಗೆ ಬರೆ ಎಂದು ಗೋಡೆಗೆ ಹೇಳಿದಳು.

ನಿಮ್ಮಪ್ಪ
ಶಿವಯೋಗೆಪ್ಪ

ತಾ.ಕ.: ಟಪಾಲು ತೆಗೆಯುವ ಹೊತ್ತಾಯಿತು. ಮುಂಜಾನೆ ಕಂದಕಕ್ಕೆ ಇಳಿದು ಬ್ಯಾಟರಿ ಹುಡುಕಿ ತಂದೆ. ಅದನ್ನೂ ಹಾರೆಯನ್ನೂ ಗೋಣಿಚೀಲದಲ್ಲಿ ಕಟ್ಟಿಕೊಂಡು, ಪತ್ರ ಹಾಕಿ ನೆಟ್ಟಗೆ ಫೌಜದಾರನ ಕಡೆ ಹೋಗುತ್ತೇನೆ. ಸಂಗಣ್ಣನ ಕೈ ತಪ್ಪಿಲ್ಲ ಎಂದು ಶೇಟನ ಎದುರಿಗೇ ಬರೆಸುತ್ತೇನೆ. ಬಿಡಿಸಲಿಕ್ಕೆ ಓಡಿ ಬಂದೀಯೆ, ಜೋಕೆ. ಗಟಾರ ಕೆದರಿದೆ, ಹದಿನೆಂಟರಲ್ಲಿ ಹದಿನೇಳು ಗೆಜ್ಜೆ ಸಿಕ್ಕವು, ಸೀಳಿದ್ದೂ ಅದರಲ್ಲಿದೆ. ಹೊಸ ತೊಗಲಿಗೆ ಪೋಣಿಸಿ ನನ್ನ ಕೈಯಿಂದಲೇ ಮೂಕ ಗಾಡಿಗೆ ಕಟ್ಟಿ ಬಂದಿದ್ದೇನೆ, ಶೇಟ ಹೊಸ ಬ್ಯಾಟರಿ ಹಾಕಿಸಿದ್ದಾನೆ, ನಾಳೆಯಿಂದ ಬೇರೆ ಯಾರೋ ನಡೆಸುತ್ತಾರಂತೆ. ಸಂಗಣ್ಣ ಊರಿಗೆ ಬಂದ ಮೇಲೆ ಓಣಿಯಲ್ಲಿ ಆ ಒಡಕು ದನಿ ಕೇಳಿದರೆ ಗೋಡೆಗೆ ಸರಿದು ನಿಲ್ಲಲಿ. ಅದು ಎತ್ತಲ್ಲ, ಗಾಡಿ.