ಕಿತ್ತಳೆಯ ತಲೆಗೆ ಕಟ್ಟಿದ ತಪ್ಪು

ರೈಟರ್ ಮಾವನಿಗೆ, ನಿಮ್ಮ ಪುಟ್ಟವ್ವ ಮಾಡುವ ನಮಸ್ಕಾರಗಳು.

ಮೊದಲು ವಿಷಯ ಹೇಳಿಬಿಡುತ್ತೇನೆ, ಯೋಗಕ್ಷೇಮ ಆಮೇಲೆ. ಅದು ನಿಮ್ಮ ಕಿತ್ತಳೆ ಅಲ್ಲ ಮಾವ. ಅವತ್ತು ನನಗೆ ಉಸಿರು ಕಟ್ಟಿದ್ದು ನೀವು ಕೊಟ್ಟ ಹಣ್ಣಿನಿಂದ ಅಲ್ಲವೇ ಅಲ್ಲ. ಇದನ್ನು ನೀವಿರುವಾಗಲೇ ಹೇಳಬೇಕಿತ್ತು, ಆದರೆ ನಮಗಾದರೂ ಎಲ್ಲಿ ಗೊತ್ತಿತ್ತು? ಈಗ ಗೊತ್ತಾಗಿದೆ. ನನಗಂತೂ ಎದೆಯ ಮೇಲಿದ್ದ ರಾಗಿಕಲ್ಲನ್ನು ಯಾರೋ ಎತ್ತಿ ಪಕ್ಕಕ್ಕಿಟ್ಟ ಹಾಗಾಗಿದೆ. ನಿಮಗೂ ಹಾಗೇ ಆಗಲಿ ಅಂತ ಈ ಕಾಗದ.

ಆ ಭಾನುವಾರ ನಿಮಗೆ ಮರೆತಿರಲಿಕ್ಕಿಲ್ಲ. ನಾನು ಎರಡನೇ ಕ್ಲಾಸು. ನೆಲ್ಯಹುದಿಕೇರಿ ಹತ್ತಿರದ ಎಸ್ಟೇಟಿನಲ್ಲಿ ನೀವು ಲೆಕ್ಕ ಬರೆಯುವ ರೈಟರಾಗಿದ್ದಿರಿ, ಕಾಫಿ ಪಿಕ್ಕಿಂಗ್ ಆಗಷ್ಟೇ ಶುರುವಾಗಿತ್ತು. ಉಬ್ಬಸದ ಮಗು, ಮಂಜು ಬೀಳುತ್ತೆ, ಕಳಿಸೋದಿಲ್ಲ ಅಂತ ಅಮ್ಮ ರಂಪ ಮಾಡಿದ್ದಳು. ನೀವು ನಿಮ್ಮ ತಂಗಿಯನ್ನು ಹೇಗೋ ಪುಸಲಾಯಿಸಿ ನನ್ನನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಹೊರಟೇಬಿಟ್ಟಿರಿ. ಕಾಫಿ ಗಿಡಗಳ ನಡುವಿನ ಕಿತ್ತಳೆ ಮರದ ಕೊಂಬೆ ಬಗ್ಗಿಸಿ ಹಿಡಿದು, ಕಿತ್ತಿದ್ದೆಲ್ಲ ನಿಂದೇ ಕಣವ್ವ ಅಂದಿರಿ. ಬಿಡುತ್ತೇನೆಯೇ ನಾನು? ರಸ ಮೊಣಕೈವರೆಗೂ ಇಳಿದಿತ್ತು. ಅಷ್ಟು ಖುಷಿಯಾಗಿ ನಾನು ಏನನ್ನಾದರೂ ತಿಂದ ನೆನಪೇ ಇಲ್ಲ.

ವಾಪಸು ಬರುವಾಗ ತುಂತುರು ಹನಿ ಹಿಡಿಯಿತು. ಕುಶಾಲನಗರದ ಮನೆ ಮುಟ್ಟುವಷ್ಟರಲ್ಲಿ ನನ್ನ ತಲೆ ಒದ್ದೆ, ಲಂಗದ ತುಂಬ ಕಿತ್ತಳೆಯ ಕಲೆ. ಅಮ್ಮನ ಪ್ರಪಂಚ ನಿಮಗೆ ಗೊತ್ತಲ್ಲ, ಅದರಲ್ಲಿ ಇರುವುದು ಎರಡೇ ಜಾತಿ, ಶೀತ ಮತ್ತು ಉಷ್ಣ. ಬಾಳೆಹಣ್ಣು, ಮೊಸರು, ಸೌತೆಕಾಯಿ, ಕಿತ್ತಳೆ ಶೀತ. ಮೆಣಸು, ಶುಂಠಿ ಉಷ್ಣ. ಶೀತ ತಿಂದು ಬಂದ ಮಗಳಿಗೆ ಉಷ್ಣ ಕೊಡಬೇಕು ಅಂತ ಅವಳು ತಾನೇ ಮಾಡಿದ ಶುಂಠಿ ನಿಂಬೆ ಸ್ಕ್ವಾಷನ್ನು ಹಬೆಯಾಡುವ ನೀರಿಗೆ ಬೆರೆಸಿ ತಂದಳು. ಲೋಟ ಬಾಯಿಗಿಟ್ಟ ಕೂಡಲೇ ನಾನು ಕೆಮ್ಮಿದೆ. ಶುಂಠಿ ಘಾಟು, ಮೂಗು ಮುಚ್ಕೊಂಡು ಕುಡಿ ಅಂದಳು. ಕುಡಿದೆ. ಸ್ವಲ್ಪ ಹೊತ್ತಿಗೆಲ್ಲ ಎದೆ ಕೊಳಲೂದತೊಡಗಿತು, ತುಟಿ ನೀಲಿಯಾಯಿತಂತೆ. ನೀವು ನನ್ನನ್ನು ಹೆಗಲಿಗೆ ಹಾಕಿಕೊಂಡು ಪಕ್ಕದ ಮನೆಯವರ ಜೀಪಿಗೆ ಓಡಿದಿರಿ.

ಆಸ್ಪತ್ರೆಯ ಬೆಂಚಿನ ಹತ್ತಿರ ಅಮ್ಮ ಹೇಳಿದ ಮಾತು ಮಾಸ್ಕಿನೊಳಗಿದ್ದ ನನಗೂ ಕೇಳಿಸಿತ್ತು. ‘ಮಗೀಗೆ ವಿಷ ತಿನ್ಸಿ ಕರ್ಕೊಂಬಂದ್ಯಲ್ಲ ಅಣ್ಣ.’ ನೀವು ಎರಡೂ ಕೈ ಮುಂದೆ ಹಿಡಿದು ನೋಡಿಕೊಳ್ಳುತ್ತಾ ನಿಂತಿದ್ದಿರಿ. ಕಿತ್ತಳೆ ಸಿಪ್ಪೆಯ ಹಳದಿ ಇನ್ನೂ ಉಗುರಲ್ಲಿತ್ತೋ ಏನೋ...

ಆಮೇಲೆ ಬಂದಾಗಲೆಲ್ಲ ನನಗೆ ಏನೇನೋ ತರುತ್ತಿದ್ದಿರಿ. ರಿಬ್ಬನ್ನು, ಬಣ್ಣದ ಪೆನ್ಸಿಲು, ಒಂದು ಸಲ ಹೂವಿನ ಛತ್ರಿ. ತಿನ್ನುವುದೊಂದನ್ನು ಬಿಟ್ಟು. ಒಂದು ಪೆಪ್ಪರಮಿಂಟು ಕೂಡ ಇಲ್ಲ. ನನ್ನ ಮದುವೆಯಲ್ಲಿ ಸೋದರಮಾವನಾಗಿ ಹಸೆಗೆ ಕರೆದುಕೊಂಡು ಬಂದವರು ನೀವೇ, ಆದರೆ ಹಾಲು ಬಾಳೆಹಣ್ಣು ತಿನ್ನಿಸಿ ಅಂದಾಗ ಬಟ್ಟಲನ್ನು ನಿಮ್ಮ ಪಕ್ಕದಲ್ಲಿ ನಿಂತಿದ್ದ ಅತ್ತೆಯ ಕೈಗೆ ದಾಟಿಸಿದಿರಿ. ಎಲ್ಲರೂ ನಾಚಿಕೆ ಅಂತ ನಕ್ಕರು. ನನಗೆ ಅರ್ಥವಾಗಿತ್ತು ಮಾವ, ಆದರೆ ಏನು ಹೇಳಲಿ? ಕಿತ್ತಳೆಯಿಂದಲೇ ಆಗಿದ್ದು ಅಂತ ನಾನೂ ನಂಬಿದ್ದೆನಲ್ಲ.

ಅಮ್ಮನ ಸ್ಕ್ವಾಷ್ ವ್ಯಾಪಾರ ಹೇಗೆ ಬೆಳೆಯಿತು ಅಂತ ನೀವೇ ಕಂಡಿದ್ದೀರಿ. ಈಗ ಮಡಿಕೇರಿ ರಸ್ತೆಯಲ್ಲಿ ನಮ್ಮದೊಂದು ಪುಟ್ಟ ಅಂಗಡಿ. ಸ್ಕ್ವಾಷು, ಜೇನು, ಮೆಣಸು, ಏಲಕ್ಕಿ. ಅಂಗಡಿಯಲ್ಲಿ ಕೂರುವವಳು ನಾನು. ಮಂಜು ಇಳಿದು ಗಂಟಲು ಕೆರೆದಾಗೆಲ್ಲ ಬಿಸಿನೀರಿಗೆ ಶುಂಠಿ ಸ್ಕ್ವಾಷ್, ಅದರ ಹಿಂದೆಯೇ ಉಬ್ಬಸ, ಅದರ ಹಿಂದೆ ಬಾಯಿಗಿಟ್ಟು ಎಳೆದುಕೊಳ್ಳುವ ಪಂಪು. ಬೈಗುಳ ಮಾತ್ರ ಯಾವಾಗಲೂ ಪಾಪದ ಮಂಜಿಗೆ. ಮಂಜಿಗೆ ಬಾಯಿದ್ದಿದ್ದರೆ ನಮ್ಮ ಮೇಲೆ ಕೇಸು ಹಾಕುತ್ತಿತ್ತು.

ಕಳೆದ ಚಳಿಗಾಲದಲ್ಲಿ ಒಂದು ಮಧ್ಯಾಹ್ನ ಅಂಗಡಿಯಲ್ಲೇ ಉಬ್ಬಸ ಜೋರಾಗಿ ಬಂತು. ಪಂಪಿಗೂ ಬಗ್ಗಲಿಲ್ಲ, ಆಸ್ಪತ್ರೆಗೆ ಹೋಗಿ ಹಬೆ ಹಿಡಿಸಿಕೊಳ್ಳಬೇಕಾಯಿತು. ಅಲ್ಲಿ ಹೊಸದಾಗಿ ಬಂದ ಡಾಕ್ಟರಮ್ಮ ಒಬ್ಬರು, ಬಹಳ ತಾಳ್ಮೆಯವರು. ಉಸಿರು ಸರಿಹೋದ ಮೇಲೆ, ಇದಕ್ಕೆ ಮುಂಚೆ ಏನು ತಗೊಂಡಿದ್ದಿರಿ ಅಂತ ಕೇಳಿದರು. ಏನೂ ಇಲ್ಲ ಅಂದೆ. ಶುಂಠಿ ಸ್ಕ್ವಾಷ್ ಅಷ್ಟೇ, ಶುಂಠಿ ಘಾಟಿಗೆ ಕೆಮ್ಮು ಬಂದರೂ ಅದು ಔಷಧಿಯಲ್ಲವೇ ಅಂದೆ. ಅದಕ್ಕೆ ಏನೇನು ಹಾಕ್ತೀರಿ ಅಂದರು. ಗಿರಾಕಿಗಳಿಗೆ ಹೇಳಿ ಹೇಳಿ ಬಾಯಿಪಾಠವಾಗಿದೆಯಲ್ಲ, ಜಂಬದಿಂದಲೇ ಶುರುಮಾಡಿದೆ. ತೊಳೆದ ಶುಂಠಿ, ತೋಟದ ನಿಂಬೆ, ಸಕ್ಕರೆ ಪಾಕ, ಕೊನೆಗೆ ಕೆಡದ ಹಾಗೆ ಒಂದು ಚಿಟಿಕೆ ಕೆ.ಎಂ.ಎಸ್. ಪುಡಿ ಅಂದೆ. ಅವರ ಪೆನ್ನು ಅಲ್ಲಿಗೆ ನಿಂತಿತು.

ನಿಮಗೆ ಆ ಪುಡಿ ಗೊತ್ತು ಮಾವ. ಕೊಡಗಿನಲ್ಲಿ ಮನೆಯಲ್ಲೇ ಸ್ಕ್ವಾಷು, ವೈನು ಮಾಡುವವರಲ್ಲಿ ಬಹಳ ಜನ ಇಟ್ಟುಕೊಂಡಿರುತ್ತಾರೆ. ಡಬ್ಬಿ ತೆರೆದರೆ ಬೆಂಕಿಕಡ್ಡಿ ಗೀರಿದ ವಾಸನೆ. ಮಾರುವ ಬಾಟಲಿಗೆ ಅಮ್ಮ ಅಳತೆಯಲ್ಲೇ ಹಾಕುತ್ತಾಳೆ. ಮನೆಯ ಬಾಟಲಿಗೆ ಮಾತ್ರ ಒಂದು ಚಿಟಿಕೆ ಜಾಸ್ತಿ. ಯಾಕೆ? ಮಳೆಗಾಲ ದಾಟಬೇಕು, ಮಗಳಿಗೆ ಉಬ್ಬಸ ಬಂದಾಗ ಮನೆಯಲ್ಲಿ ಔಷಧಿ ಇಲ್ಲ ಅನ್ನುವ ಹಾಗಾಗಬಾರದು.

‘ನೀವು ಶುಂಠಿ ಘಾಟು ಅಂದ್ಕೊಂಡಿದ್ದು ಶುಂಠಿದಲ್ಲ,’ ಅಂದರು ಡಾಕ್ಟರಮ್ಮ. ‘ಹುಳಿ ಇರೋ ಕಡೆ ಆ ಪುಡಿಯಿಂದ ಗಂಧಕದ ಗ್ಯಾಸ್ ಏಳುತ್ತೆ, ಬಿಸಿನೀರು ಸೇರಿದ್ರೆ ಇನ್ನೂ ಜಾಸ್ತಿ. ಉಬ್ಬಸ ಇರೋ ಕೆಲವರಿಗೆ ಅದು ಆಗಲ್ಲ.’ ಎಲ್ಲರಿಗೂ ಹಾಗಲ್ಲ, ಬೇರೆಯವರು ಕುಡಿದರೆ ಏನೂ ತೊಂದರೆಯಿಲ್ಲ ಅಂತಲೂ ಹೇಳಿದರು. ಕೆಡದ ಹಾಗೆ ಅಂಥದ್ದನ್ನೇ ಒಣದ್ರಾಕ್ಷಿಗೂ ವೈನಿಗೂ ಹಾಕುತ್ತಾರಂತೆ, ಹೊಳಪಿನ ಒಣದ್ರಾಕ್ಷಿ ತಿಂದಾಗ ಹೇಗೆ, ವೈನು ಕುಡಿದಾಗ ಹೇಗೆ ಅಂತ ಒಂದೊಂದಾಗಿ ಕೇಳುತ್ತಾ ಹೋದರು. ನನಗೋ ಒಂದೊಂದೇ ನೆನಪಾಗುತ್ತಾ ಹೋಯಿತು. ನಾದಿನಿಯ ಮನೆಯ ಕೇಸರಿಬಾತಿನಿಂದ ದ್ರಾಕ್ಷಿ ಆರಿಸಿ ಆರಿಸಿ ತಿಂದು ಕೆಮ್ಮಿದ್ದು, ಮಡಿಕೇರಿಯ ಅಂಗಡಿಯಲ್ಲಿ ರುಚಿ ನೋಡಿ ಅಂತ ಕೊಟ್ಟ ಮುಚ್ಚಳದಷ್ಟು ವೈನಿಗೇ ಎದೆ ಬಿಗಿದದ್ದು. ಕೊನೆಗೆ ನಾನೇ ತಡೆಯಲಾರದೆ ಆ ಭಾನುವಾರದ ಕತೆ ಹೇಳಿ ಕೇಳಿದೆ, ಹಾಗಾದರೆ ಕಿತ್ತಳೆ? ಅವರು ನಕ್ಕು, ಊಹೆ ಮಾಡೋದು ಬೇಡ, ಎದೆ ಪೂರ್ತಿ ಸರಿಯಾದ ಮೇಲೆ ಹಣ್ಣು ತಗೊಂಡು ಬನ್ನಿ, ನನ್ನೆದುರೇ ತಿನ್ನಿ ಅಂದರು.

ಆ ದಿನ ಆಸ್ಪತ್ರೆಯಲ್ಲಿ ಕಿತ್ತಳೆ ಸುಲಿಯುತ್ತಾ ಕೂತಿದ್ದ ನನ್ನನ್ನು ನೀವು ನೋಡಬೇಕಿತ್ತು. ಒಂದೊಂದೇ ನಾರು ಬಿಡಿಸುತ್ತಾ ಹೊತ್ತು ತಳ್ಳುತ್ತಿದ್ದೆ. ಮೊದಲು ಒಂದು ತೊಳೆ, ಕಾದರು. ಮತ್ತೊಂದು, ಮತ್ತೆ ಕಾದರು. ಉಸಿರು ಅಳೆಯುವ ಕೊಳವೆಗೆ ಊದಿಸಿದರು, ಎದೆ ಕೇಳಿದರು. ಇಡೀ ಹಣ್ಣು ಮುಗಿಯಿತು. ಏನೂ ಆಗಲಿಲ್ಲ! ನನಗೆ ಅಳು ಬಂದುಬಿಟ್ಟಿತು. ಹುಳಿ ಜಾಸ್ತಿಯಾಯ್ತಾ ಅಂತ ಕೇಳಿದರು ಆ ಮಹಾತಾಯಿ. ನಮ್ಮ ಮಾವ ನೆನಪಾದರು ಅಂದೆ.

ಮನೆಗೆ ಬಂದು ಹೇಳಿದಾಗ ಅಮ್ಮ ಮೊದಲು ನಂಬಲೇ ಇಲ್ಲ, ಜಗಳಕ್ಕೇ ನಿಂತಳು. ಶುಂಠಿಯಿಂದ ಯಾರಿಗಾದರೂ ಉಬ್ಬಸ ಬರುತ್ತದೆಯೇ, ಡಾಕ್ಟರು ಪುಸ್ತಕ ಓದಿದ್ದಾಳೆ, ಮಕ್ಕಳನ್ನು ಹೆತ್ತಿದ್ದಾಳಾ ಅಂತೆಲ್ಲ. ಶುಂಠಿ ಅಲ್ಲಮ್ಮ, ಪುಡಿ ಅಂದೆ. ಎದ್ದು ಹೋಗಿ ಡಬ್ಬಿ ತೆರೆದು ಮೂಸಿದಳು. ಮತ್ತೆ ಮೂಸಿದಳು. ಆಮೇಲೆ ಗೋಡೆಗೆ ಒರಗಿ ಕೂತವಳು ಸಂಜೆಯವರೆಗೆ ಏಳಲಿಲ್ಲ. ನಿನ್ನ ತಪ್ಪೇನೂ ಇಲ್ಲ, ಯಾರಿಗೂ ಗೊತ್ತಿರಲಿಲ್ಲ ಅಂತ ನಾನು ಹೇಳುತ್ತಲೇ ಇದ್ದೆ. ಅವಳು ಯೋಚಿಸುತ್ತಿದ್ದುದು ಸ್ಕ್ವಾಷಿನ ಬಗ್ಗೆ ಅಲ್ಲ ಅಂತ ನನಗೆ ಹೊಳೆದದ್ದು ತಡವಾಗಿ. ದೀಪ ಹಚ್ಚುವ ಹೊತ್ತಿಗೆ, ನಾಳೆ ಅಣ್ಣನ ಮನೆಗೆ ಹೋಗೋಣ ಅಂದಳು.

ಅತ್ತೆ ಚೆನ್ನಾಗಿದ್ದಾರೆ, ಮಂಡಿನೋವು ಬಿಟ್ಟರೆ. ಅಮ್ಮ ಚಪ್ಪಲಿ ಬಿಟ್ಟವಳೇ ಸೀದಾ ನಿಮ್ಮ ಫೋಟೋದ ಮುಂದೆ ಹೋಗಿ ನಿಂತಳು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಏನೇನೋ ಗೊಣಗಿಕೊಂಡು ಬಂದಿದ್ದಳು, ಅಲ್ಲಿ ‘ಅಣ್ಣ’ ಅಂದದ್ದೊಂದೇ, ಫೋಟೋದ ಗಾಜನ್ನು ಅಂಗೈಯಿಂದ ಒರೆಸತೊಡಗಿದಳು. ವಿಷಯವನ್ನೆಲ್ಲ ಅತ್ತೆಗೆ ನಾನೇ ಹೇಳಬೇಕಾಯಿತು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು ಅಮ್ಮನ ಪಕ್ಕ ಬಂದು ನಿಂತರು.

‘ನಿನ್ ಮೇಲೆ ಅವ್ರಿಗೆ ಯಾವತ್ತೂ ಸಿಟ್ಟಿರ್ಲಿಲ್ಲ ಕಣೆ,’ ಅಂದರು. ‘ತಮ್ ಕೈನೇ ನಂಬ್ತಿರ್ಲಿಲ್ಲ. ಮೊಮ್ಮಗೀಗೆ ಒಂದ್ ತುತ್ತು ತಿನ್ಸಿ ಅಂದ್ರೂ ಎದ್ದು ಹೊರಗಡೆ ಹೋಗೋರು.’

ಅದು ನನಗೆ ಗೊತ್ತಿರಲಿಲ್ಲ ಮಾವ. ನನ್ನೊಬ್ಬಳಿಗೆ ಮಾತ್ರ ಹಾಗೆ ಅಂದುಕೊಂಡಿದ್ದೆ.

ಇನ್ನು ಕೇಳಿ. ಈಗ ಪುಡಿ ಹಾಕದ ಸ್ಕ್ವಾಷನ್ನೂ ಸ್ವಲ್ಪ ಮಾಡಿ ಫ್ರಿಜ್ಜಿನಲ್ಲಿಡುತ್ತೇವೆ, ಬೇಗ ಖರ್ಚು ಮಾಡುತ್ತೇವೆ. ಪುಡಿ ಹಾಕಿದ ಬಾಟಲಿಯ ಮೇಲೆ, ಉಬ್ಬಸ ಇರುವವರು ಕೇಳಿ ಕುಡಿಯಿರಿ ಅಂತ ದಪ್ಪಕ್ಷರದಲ್ಲಿ ಹಾಕಿಸಿದ್ದೇನೆ. ಗಿರಾಕಿ ಓಡಿಹೋದರೆ ಅಂತ ಯಾರೋ ಹೆದರಿಸಿದರು. ಓಡಲಿ ಬಿಡಿ, ಉಸಿರಿದ್ದರೆ ತಾನೇ ಓಡುವುದು? ಚೀಲದಲ್ಲಿ ಪಂಪು ಈಗಲೂ ಇದೆ, ಇರುತ್ತದೆ ಕೂಡ. ಆದರೆ ಈ ಚಳಿಗಾಲ ಒಂದು ಸಲವೂ ಆಸ್ಪತ್ರೆಯ ಮೆಟ್ಟಿಲು ಹತ್ತಿಲ್ಲ. ಅದನ್ನೂ ನೋಡಿಕೊಂಡೇ ಬರೆಯೋಣ ಅಂತ ಕಾಗದ ಇಷ್ಟು ತಡವಾಯಿತು.

ಅವತ್ತು ಹೊರಡುವ ಮುಂಚೆ ಅತ್ತೆ ಹಿತ್ತಲಿನಿಂದ ಒಂದು ಕಿತ್ತಳೆ ತಂದು ಅಮ್ಮನ ಕೈಗಿಟ್ಟರು. ಅಮ್ಮ ಅದನ್ನು ಸುಲಿದು, ಬೀಜ ತೆಗೆದು, ಬೆಳ್ಳಿಗೂದಲು ಬಂದ ಮಗಳ ಬಾಯಿಗೆ ನಿಮ್ಮ ಫೋಟೋದ ಎದುರಿಗೇ ಒಂದೊಂದೇ ತೊಳೆ ಇಟ್ಟಳು. ಕೊನೆಯ ತೊಳೆ ನುಂಗುವವರೆಗೂ ಅವಳೇ ಉಸಿರು ಬಿಗಿಹಿಡಿದಿದ್ದಳು. ಆಮೇಲೆ ನನ್ನನ್ನು ತಿರುಗಿಸಿ ನಿಲ್ಲಿಸಿ, ಬೆನ್ನಿಗೆ ಕಿವಿಯೊತ್ತಿ ತುಂಬಾ ಹೊತ್ತು ಕೇಳಿದಳು.

‘ಸದ್ದೇ ಇಲ್ಲ ಕಣೆ,’ ಅಂದಳು. ‘ಅಣ್ಣಂಗೆ ಒಂದ್ ಕಾಗದ ಬರ್ದಾಕು.’