ನಿಮ್ಮಪ್ಪನ ಮೇಲೆ ತಕರಾರು

ಔರಾದ
೧೭ ಫೆಬ್ರವರಿ ೨೦೨೫

ಪ್ರೀತಿಯ ಪ್ರಣಿತಾ,

ಭಾಲ್ಕಿಯಲ್ಲಿ ನೀವಿಬ್ಬರೂ ಕ್ಷೇಮವೇ? ನಿನ್ನ ತಲೆನೋವು ಹೇಗಿದೆ, ನಾಗಸೇನನ ಕೆಮ್ಮು ಇಳಿಯಿತೇ? ನೀನು ನಮ್ಮ ಫೋನು ಎತ್ತುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಇದನ್ನೂ ಓದದೆ ಹರಿದರೆ ನಿನಗೆ ಕೊಬ್ಬು ಜಾಸ್ತಿಯಾಗಿದೆ ಎಂದುಕೊಳ್ಳುತ್ತೇನೆ.

ಸಭೆಗೆ ತಿಳಿಸದೆ ಬೌದ್ಧರ ಹುಡುಗನನ್ನು ಮದುವೆಯಾದೆ ಎಂದು ಇಲ್ಲಿಯ ಚರ್ಚಿನ ಹಿರಿಯರು ನಿನ್ನನ್ನು ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸದಿಂದ ದೂರವಿಟ್ಟರು. ಆ ಹಿರಿಯರ ಸಾಲಿನಲ್ಲಿ ನಿಮ್ಮಪ್ಪನೂ ಕೂತಿದ್ದರು, ಅವರೇ ಮೊದಲು ಕೈ ಎತ್ತಿದರು. ಇಷ್ಟು ನಿನಗೆ ಗೊತ್ತು. ಆಮೇಲೆ ನಾನು ಮಾಡಿದ್ದು ಗೊತ್ತಿಲ್ಲ. ನಮ್ಮ ಪ್ರೆಸ್ಬಿಟೇರಿಯನ್ನರಲ್ಲಿ ಬಿಷಪ್ ಇಲ್ಲವಲ್ಲ. ಹಿರಿಯರ ತೀರ್ಪು ತಪ್ಪೆನಿಸಿದರೆ ಸಭೆಯ ಯಾರು ಬೇಕಾದರೂ ತಕರಾರು ಕೊಡಬಹುದು. ಮೊದಲು ಹಿರಿಯರಿಗೆ, ಅವರು ಕೇಳದಿದ್ದರೆ ಬೀದರಿನಲ್ಲಿ ಎಲ್ಲ ಊರುಗಳ ಪಾಸ್ಟರು, ಹಿರಿಯರು ಕೂಡುವ ಮೇಲಿನ ಸಭೆಗೆ. ಹಿರಿಯರ ಕಾಗದಪತ್ರ ನೋಡುವವರು ನಿಮ್ಮಪ್ಪನೇ ಆದ್ದರಿಂದ ನನ್ನ ತಕರಾರನ್ನು ಬರೆದು ಚಹಾದ ಜೊತೆ ಅವರ ಕೈಗೇ ಕೊಟ್ಟೆ. ಓದಿ, "ನನ್ನ ಮ್ಯಾಲೇ ತಕರಾರೇನು" ಅಂದರು. "ಹೌದ್ರಿ, ಸಹಿ ಮಾಡಿ ತಗೋರಿ" ಅಂದೆ. ಮಾಡಿದರು. ಹಿರಿಯರು ತಳ್ಳಿಹಾಕಿದರು, ನಾನು ಬೀದರಿಗೆ ಕಳಿಸಿದೆ.

ಬೀದರಿಗೆ ಒಂದೇ ಬಸ್ಸಿನಲ್ಲಿ ಹೋದೆವು, ಒಂದೇ ಡಬ್ಬಿಯ ರೊಟ್ಟಿ ತಿಂದೆವು. ಒಳಗೆ ಅವರು ಆ ಕಡೆ, ನಾನು ಈ ಕಡೆ. ಅಲ್ಲಿ ವಕೀಲರಿಲ್ಲ, ಪ್ರಾರ್ಥನೆ ಮಾಡಿ ವಿಚಾರಣೆ ಶುರು ಮಾಡುತ್ತಾರೆ. ಅಧ್ಯಕ್ಷರಾಗಿದ್ದ ಸಂಜುಕುಮಾರ ಪಾಸ್ಟರು, "ಅಕ್ಕಾ, ಮಗಳು ಮಾಡಿದ್ದು ಸರಿ ಅಂತೀರೇನ್ರಿ" ಎಂದು ಕೇಳಿದರು. "ಅದು ಬ್ಯಾರೆ ಮಾತ್ರಿ. ತಂದಿ ಮಗಳ ನ್ಯಾಯಕ್ಕ ಕೂಡಬಹುದೇನ್ರಿ, ಅದನ್ನಷ್ಟ ಹೇಳ್ರಿ" ಅಂದೆ. ರಕ್ತಸಂಬಂಧಿ ಎದ್ದು ಹೋಗಬೇಕೆಂಬುದು ನಮ್ಮ ನಿಯಮ, ಅದು ನಿಮ್ಮಪ್ಪನಿಗೆ ಬಾಯಿಪಾಠ. ಅವರನ್ನು ಕೇಳಿದಾಗ ನೆಲ ನೋಡುತ್ತ, "ಏಳಬೇಕಿತ್ರಿ. ಎದ್ರ ಮಗಳನ್ನ ಉಳಿಸಾಕ ನೋಡ್ದ ಅಂತಾರಂತ ಕುಂತೆ" ಅಂದರು. ನನಗೆ ಸಿಟ್ಟೂ ಬಂತು, ಪಾಪ ಅಂತಲೂ ಅನ್ನಿಸಿತು.

ತೀರ್ಪು ರದ್ದಾಯಿತು. ಹಾಗಂತ ನಿನ್ನನ್ನು ಸುಮ್ಮನೆ ಬಿಟ್ಟರೆಂದು ತಿಳಿಯಬೇಡ. ಈಸ್ಟರಿಗೆ ಮೊದಲು ಔರಾದಿನಲ್ಲಿ ಹೊಸದಾಗಿ ವಿಚಾರಣೆಯಿದೆ. ಹೋದ ಸಲದಂತೆ ಗೈರುಹಾಜರಾದರೆ ಈ ಬಾರಿ ನಿನ್ನ ಹೆಸರನ್ನೇ ಸಭೆಯಿಂದ ತೆಗೆಯುತ್ತಾರೆ. ನಿನ್ನ ಅಜ್ಜಿ ದೀಕ್ಷಾಸ್ನಾನ ಪಡೆದ ಚರ್ಚು ಅದು, ನನಗೆ ಇದು ಸಣ್ಣ ಮಾತಲ್ಲ. ನಾಗಸೇನನನ್ನೂ ಕರೆದುಕೊಂಡು ಬಾ, ಅವನು ಬರಬಾರದೆಂದು ಯಾವ ನಿಯಮವೂ ಇಲ್ಲ. ನಿನ್ನ ಅತ್ತೆಗೆ ನನ್ನ ನಮಸ್ಕಾರ ಹೇಳು. ಕರ್ತನು ನಿಮ್ಮಿಬ್ಬರನ್ನೂ ಕಾಯಲಿ.

ನಿನ್ನವ್ವ,
ಶಾಲುಬಾಯಿ

ತಾ.ಕ.: ವಿಚಾರಣೆಯಲ್ಲಿ ನಿನ್ನ ಪರವಾಗಿ ಮಾತಾಡಲು ಸಭೆಯ ಒಬ್ಬರನ್ನು ನೀನೇ ಆರಿಸಬಹುದು. ನಿಮ್ಮಪ್ಪ ನಿನ್ನೆ ಹಿರಿಯರ ಸ್ಥಾನಕ್ಕೆ ರಾಜೀನಾಮೆ ಕೊಟ್ಟು ಬಂದರು. "ಆಕಿ ನನ್ನ ಹೆಸರು ಹೇಳ್ತಾಳೇನು, ಕೇಳಿ ನೋಡು" ಅಂದರು. ಹೂಂ ಅನ್ನುವುದಾದರೆ ನನಗಲ್ಲ, ಅವರಿಗೇ ಫೋನು ಮಾಡು.