ದಯವಿಟ್ಟು ನನ್ನನ್ನು ನಪಾಸು ಮಾಡಿರಿ

ಪರೀಕ್ಷಾ ಮಂಡಳಿಯ ಕಾರ್ಯದರ್ಶಿಗಳಾದ ಮಾನ್ಯರೇ,

ಕಳೆದ ಮಾರ್ಚಿನಲ್ಲಿ ಮ್ಯಾಟ್ರಿಕ್ ಪರೀಕ್ಷೆಗೆ ಕುಳಿತವಳು ನಾನು. ಜೂನಿನಲ್ಲಿ ಎಲ್ಲರ ಫಲಿತಾಂಶ ಬಂತು, ನನ್ನದನ್ನು ಮಾತ್ರ ನೀವು ತಡೆಹಿಡಿದಿರಿ. ಈಗ ಸೆಪ್ಟೆಂಬರ್. ಪಾಸಾಗಿದ್ದರೆ ಮಾಸ್ತರಕಿಯ ಟ್ರೇನಿಂಗಿಗೆ ಹೋಗುತ್ತಿದ್ದೆ. ನಪಾಸಾಗಿದ್ದರೆ ಅಕ್ಟೋಬರಿನ ಪರೀಕ್ಷೆಗೆ ಅರ್ಜಿ ತುಂಬುತ್ತಿದ್ದೆ. ಆದರೆ ಫಲಿತಾಂಶವೇ ಇಲ್ಲದವರು ಅರ್ಜಿ ತುಂಬುವಂತಿಲ್ಲ ಎಂಬುದು ನಿಮ್ಮದೇ ನಿಯಮ. ಚೀಟಿ ಇಟ್ಟುಕೊಂಡು ನಕಲು ಮಾಡಿದವರಿಗೂ ಇಷ್ಟು ದಿನದ ಶಿಕ್ಷೆ ಎಂದು ಒಂದು ಲೆಕ್ಕವಿದೆಯಂತೆ. ನನಗೆ ಆ ಭಾಗ್ಯವನ್ನೂ ನೀವು ಕರುಣಿಸಿಲ್ಲ.

ನನ್ನ ಅಪರಾಧವೇನೆಂದು ನಿಮಗೆ ಗೊತ್ತು. ಈ ಕಾಗದವನ್ನು ಪತ್ರಿಕೆಯಲ್ಲಿ ಓದುವವರಿಗೂ ಗೊತ್ತಾಗಲಿ. ನಮಗೆ ಪಠ್ಯವಾಗಿದ್ದುದು ಒಂದು ಪ್ರಾಚೀನ ನಾಟಕ. ಅದರಲ್ಲಿ ಅರಸನೊಬ್ಬ ಯಾರದೋ ಮಾತು ಕೇಳಿ ತನ್ನ ಅರಸಿಯನ್ನು ಅಂತಃಪುರದಲ್ಲೇ ಕೂಡಿಹಾಕುತ್ತಾನೆ. ಕೊನೆಯ ಅಂಕದಲ್ಲಿ ಅವಳ ತಪ್ಪಿಲ್ಲವೆಂದು ತಿಳಿದು ಕ್ಷಮಿಸುತ್ತಾನೆ. ‘ಅರಸನ ಔದಾರ್ಯವನ್ನು ವಿವರಿಸಿರಿ’ ಎಂದು ನೀವು ಕೇಳಿದಿರಿ. ತಪ್ಪು ಮಾಡದವಳನ್ನು ಕ್ಷಮಿಸುವುದು ಔದಾರ್ಯ ಹೇಗಾಗುತ್ತದೆ, ಕ್ಷಮೆ ಕೇಳಬೇಕಾದವನು ಅವನಲ್ಲವೇ ಎಂದು ನಾನು ಬರೆದೆ. ಇಷ್ಟಕ್ಕೇ ನಿಲ್ಲಿಸಿದ್ದರೆ ನಾಲ್ಕು ಅಂಕ ಕಳೆದು ಸುಮ್ಮನಾಗುತ್ತಿದ್ದಿರೋ ಏನೋ. ಉತ್ತರದ ಕೊನೆಗೆ ನಾನು ಪರೀಕ್ಷಕರಿಗೇ ಒಂದು ಪ್ರಶ್ನೆ ಹಾಕಿದೆ: ‘ಆ ಅರಸಿಯ ಜಾಗದಲ್ಲಿ ನೀವಿದ್ದರೆ ಅರಸನಿಗೆ ಏನೆಂದು ಹೇಳುತ್ತಿದ್ದಿರಿ?’ ಆ ಒಂದೇ ಉತ್ತರಕ್ಕಲ್ಲ, ಪ್ರತಿ ಉತ್ತರಕ್ಕೂ ಹೀಗೆ ಒಂದೊಂದು ಪ್ರಶ್ನೆ ಹಾಕಿದೆ. ಇದು ಉದ್ಧಟತನ, ಪರೀಕ್ಷಕರಿಗೆ ಮಾಡಿದ ಅವಮಾನ ಎಂದು ನಿಮ್ಮ ಮಂಡಳಿ ತೀರ್ಮಾನಿಸಿತು.

ಮಾನ್ಯರೇ, ಅದು ಅವಮಾನವಲ್ಲ, ನಮ್ಮಲ್ಲಿ ಅದು ಮರ್ಯಾದೆ. ನಾವು ಭಂಡಾರಕವಠೆಯ ಕುರಿ ಕಾಯುವ ಮಂದಿ, ಬೀರೋಬನ ಒಕ್ಕಲು. ನನ್ನಪ್ಪ ಅಮೋಗಸಿದ್ಧ ಡೊಳ್ಳಿನ ಹಾಡುಗಾರ. ಬೀರೋಬನ ಗುಡಿಯ ಮುಂದೆ ಎರಡು ಮೇಳ ಎದುರುಬದುರು ಕೂಡುತ್ತವೆ. ಹರದೇಶಿಯವರು ಗಂಡು ಹೆಚ್ಚೆಂದು ಹಾಡುತ್ತಾರೆ, ನಾಗೇಶಿಯವರು ಹೆಣ್ಣು ಹೆಚ್ಚೆಂದು. ಎದುರಿನವರು ಹಾಕಿದ ಸವಾಲಿಗೆ ಜವಾಬು ಕೊಟ್ಟು, ತಿರುಗಿ ತಾನೊಂದು ಸವಾಲು ಹಾಕಿಯೇ ಕೂಡಬೇಕು. ಹಾಕದೆ ಕೂತರೆ ಸೋತಂತೆ; ಅಷ್ಟೇ ಅಲ್ಲ, ಎದುರಿನವರನ್ನು ಹಗುರ ಮಾಡಿದಂತೆ. ತೊಟ್ಟಿಲಲ್ಲಿದ್ದಾಗಿನಿಂದ ಇದನ್ನು ಕೇಳುತ್ತ ಬೆಳೆದವಳು ನಾನು. ನೀವು ಪ್ರಶ್ನೆ ಕೇಳಿದಿರಿ, ನನ್ನನ್ನು ಸರಿಜೋಡಿ ಎಂದು ಬಗೆದಿದ್ದೀರಿ ಅಂದುಕೊಂಡೆ. ಅಷ್ಟು ಮಟ್ಟಿಗೆ ತಪ್ಪು ನನ್ನದೇ, ಒಪ್ಪುತ್ತೇನೆ.

ಜುಲೈಯಲ್ಲಿ ಅಪ್ಪ ಕುರಿಗಳನ್ನು ಚಿಕ್ಕಪ್ಪನಿಗೆ ಒಪ್ಪಿಸಿ, ಹೆಗಲಿಗೆ ಕಂಬಳಿ ಹಾಕಿಕೊಂಡು, ನನ್ನನ್ನು ನಿಮ್ಮ ಕಚೇರಿಗೆ ಕರೆತಂದ. ಕಿಟಕಿಯ ಒಳಗೆ ನಿಮ್ಮ ಗುಮಾಸ್ತರು ಕೂತಿದ್ದರು.

‘ಸಾಹೇಬ್ರ, ನಮ್ಮ ಹುಡುಗಿ ಪಾಸ ಆಗ್ಯಾಳೇನ್ರಿ?’ ಅಂದ ಅಪ್ಪ.

‘ನಾಹಿ.’ ಇಲ್ಲವೆಂದು ಮರಾಠಿಯಲ್ಲಿ ಅಂದರು.

‘ಅಂದ್ರ ನಪಾಸ ಆಗ್ಯಾಳ?’

‘ತಸಂ ಪಣ ನಾಹಿ.’ ಹಾಗೂ ಅಲ್ಲವಂತೆ.

ಅಪ್ಪ ಕಿಟಕಿಗೆ ಇನ್ನಷ್ಟು ಬಗ್ಗಿದ. ‘ಕುರಿ ಬದುಕಿರತೈತಿ, ಇಲ್ಲಾ ಸತ್ತಿರತೈತಿ. ಎರಡೂ ಅಲ್ಲ ಅಂದ್ರ ಕಳದೈತಿ ಅಂತ ಅರ್ಥ. ನನ್ನ ಮಗಳನ್ನ ಕಳದೀರೇನ್ರಿ?’

ನಿಮ್ಮ ಗುಮಾಸ್ತರು ಕಿಟಕಿ ಮುಚ್ಚಿದರು. ಹೊರಗೆ ಬೇವಿನ ಗಿಡದ ಕೆಳಗೆ ಕೂತಾಗ ಅಪ್ಪ ನಾನು ಬರೆದದ್ದೇನೆಂದು ಕೇಳಿದ. ಎಲ್ಲ ಹೇಳಿದೆ. ಅವನ ಮುಖ ಅರಳಿತು.

‘ಸವಾಲ ಹಾಕಿ ಎದ್ದಿಯೇನು? ಭಲೆ! ಜವಾಬು ಬಂದಿಲ್ಲಂದ್ರ ಗೆದ್ದಿ ನೀ.’

‘ಗೆದ್ದೀನಲ್ಲಪ್ಪ, ಹಂಗಾರ ಮದುವಿ ಮಾತ ಬಿಟ್ಟಬಿಡು.’

‘ಅದ ಬ್ಯಾರೆ, ಇದ ಬ್ಯಾರೆ,’ ಅಂದ. ‘ಅದು ಹಾಡವಾ.’

ಗುಡಿಯ ಮುಂದೆ ನಾಗೇಶಿ ಹಿಡಿದು ಹೆಣ್ಣೇ ಹೆಚ್ಚೆಂದು ಸಾಧಿಸುವ ಮನುಷ್ಯ ನನ್ನಪ್ಪ. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ! ಅವನ ಮೇಲೆ ನನಗೆ ಸಿಟ್ಟಿದೆ, ಪ್ರೀತಿಯೂ ಇದೆ. ನಿಮ್ಮ ಮೇಲೆ ಸಿಟ್ಟು ಮಾತ್ರ ಇದೆ.

ಈ ಮದುವೆ ಯಾವುದೆಂದರೆ, ವಳಸಂಗದಲ್ಲಿರುವ ನನ್ನ ಸೋದರಮಾವ ತನ್ನ ಮಗನಿಗೆ ನನ್ನನ್ನು ಕೇಳಿ ಎರಡು ವರ್ಷವಾಯಿತು. ಮಾವನೇನೂ ಕೆಟ್ಟವನಲ್ಲ. ‘ಅಕ್ಟೋಬರ್‌ಕ ಪರೀಕ್ಷಾಕ ಕೂತಳಂದ್ರ ರಿಜಲ್ಟ್ ಬರೂಮಟ ಕಾಯ್ತೀನಿ. ಕೂಡಲಿಲ್ಲಂದ್ರ ಸಾಲಿ ಮುಗೀತು ಅಂತ ತಿಳೀತೀನಿ, ದೀಪಾವಳಿ ಆದಮ್ಯಾಲ ಅಕ್ಷತಾ ಹಾಕೂಣು’ ಎಂದಿದ್ದಾನೆ. ಅಪ್ಪ ಮಾತು ಕೊಟ್ಟಿದ್ದಾನೆ. ಸೊಲ್ಲಾಪುರದ ನವಿ ಪೇಠೆಯ ಹಿಂದಿನ ಓಣಿಯಲ್ಲಿ ನನ್ನನ್ನು ಇಟ್ಟುಕೊಂಡು ಓದಿಸಿದ ಅತ್ತೆ ಸುಗಲಾಬಾಯಿ ಮೊನ್ನೆ ಪೇಠೆಗೆ ಹೋಗಿ ಹಸಿರು ಸೀರೆ ನೋಡಿ ಬಂದಳು. ‘ನೋಡಿ ಬಂದೀನಿ ಅಷ್ಟ, ತಗೊಂಡಿಲ್ಲವಾ’ ಅಂದಳು, ನನ್ನ ಮುಖ ನೋಡದೆ.

ಪಾರಾಗಲು ನೀವು ಕಾಗದ ಬರೆದು ಒಂದು ದಾರಿ ತೋರಿಸಿದ್ದೀರಿ, ಇಲ್ಲವೆನ್ನಲಾರೆ. ‘ಪರಪ್ರೇರಣೆಯಿಂದ ಹೀಗೆ ಬರೆದೆ’ ಎಂದು ಕ್ಷಮೆ ಬೇಡಿ, ಪ್ರೇರೇಪಿಸಿದವರ ಹೆಸರು ತಿಳಿಸಬೇಕಂತೆ. ಕುರುಬರ ಹುಡುಗಿಯ ತಲೆಯಲ್ಲಿ ತಾನಾಗಿ ಇಂಥ ವಿಚಾರ ಹುಟ್ಟಲಾರದೆಂದು ನಿಮಗೆಷ್ಟು ಖಾತ್ರಿ! ನೀವು ಬಯಸುವ ಹೆಸರು ಯಾರದೆಂದು ನನಗೆ ಗೊತ್ತಿದೆ. ದಿನಾಲು ಅಕ್ಕಲಕೋಟೆಯಿಂದ ರೈಲಿನಲ್ಲಿ ಬಂದು ನಮಗೆ ನಾಟಕ ಕಲಿಸುತ್ತಿದ್ದ ಸಾತಲಿಂಗಪ್ಪ ಮಾಸ್ತರರದು. ಅವರು ನಮಗೆ ಬರೆಸಿದ್ದು ‘ಅರಸನು ಧೀರನು, ಉದಾತ್ತನು, ಕರುಣಾಳು’ ಎಂದೇ. ವಿಷಯ ಕೇಳಿ ಅವರು, ‘ನನ್ನ ಹೆಸರ ಬರದು ಮುಗಸವಾ. ಅಂಥಾ ಅರಸನ್ನ ಇಷ್ಟು ವರ್ಷ ಹೊಗಳಿಸೀನಲ್ಲ, ಅದಕ್ಕ ಇದ ಶಿಕ್ಷಾ ಅಂತ ತಿಳ್ಕೋತೀನಿ’ ಎಂದು ನಕ್ಕರು. ನನಗೆ ನಗು ಬರಲಿಲ್ಲ. ನಾಲ್ಕು ಮಕ್ಕಳ ತಂದೆ ಅವರು. ನನ್ನ ಒಂದು ಸಹಿಗೆ ಅವರ ನೌಕರಿ ಹೋಗುತ್ತದೆ. ಸಹಿ ಮಾಡಿದರೆ ಮಾಸ್ತರರು ಹಾಳು, ಮಾಡದಿದ್ದರೆ ನಾನು. ಅತ್ತ ದರಿ, ಇತ್ತ ಪುಲಿ. ಇಂಥ ಸಂದಿಗ್ಧವನ್ನು ಕಟ್ಟಲು ನಿಮ್ಮ ಪ್ರಾಚೀನ ನಾಟಕಕಾರರಿಗೆ ಐದು ಅಂಕ ಬೇಕಾದವು, ನೀವು ಒಂದೇ ಕಾಗದದಲ್ಲಿ ಸಾಧಿಸಿದಿರಿ.

ಫಲಿತಾಂಶವಿಲ್ಲದ ಈ ತಿಂಗಳುಗಳಲ್ಲಿ ಬೇರೆ ಕೆಲಸವಿಲ್ಲದೆ ನಾಟಕವನ್ನೇ ಮತ್ತೆ ಮತ್ತೆ ಓದಿದೆ. ಅರಸ ತನ್ನ ಕೈಯಿಂದ ಬಾಗಿಲು ಹಾಕುವುದೇ ಇಲ್ಲ. ‘ಅಪ್ಪಣೆ, ಪ್ರಭು’ ಎಂದು ಒಬ್ಬ ಒಳಗೆ ಹೋಗುತ್ತಾನೆ, ಬಾಗಿಲು ಮುಚ್ಚುತ್ತದೆ. ಅವನಿಗೆ ಹೆಸರಿಲ್ಲ, ಅವನ ಸ್ವಭಾವ ವಿವರಿಸಿರಿ ಎಂದು ಯಾವ ಪರೀಕ್ಷೆಯಲ್ಲೂ ಕೇಳುವುದಿಲ್ಲ. ನಾನು ಮೊದಲು ನಿಮ್ಮನ್ನು ಅರಸನೆಂದೇ ತಿಳಿದಿದ್ದೆ. ನಿಮ್ಮ ಕಾಗದದಲ್ಲಿ ‘ಮೇಲಿನ ಆದೇಶದಂತೆ’ ಎಂದು ಓದಿದ ಮೇಲೆ, ನೀವೂ ಅಪ್ಪಣೆ ಎನ್ನುವವರೇ ಇರಬೇಕು ಅನಿಸಿತು. ಹಾಗಾದರೆ ಕೀಲಿಯಂತೂ ನಿಮ್ಮ ಕೈಯಲ್ಲೇ ಇದೆ.

ಈ ತಿಂಗಳ ಕೊನೆಗೆ ಅಕ್ಟೋಬರ್ ಪರೀಕ್ಷೆಯ ಅರ್ಜಿ ಮುಗಿಯುತ್ತದೆ. ಅದರೊಳಗೆ ನನ್ನನ್ನು ನಪಾಸು ಮಾಡಿರಿ. ಪಾಸು ಮಾಡಿರೆಂದು ಕೇಳುವುದಿಲ್ಲ. ಕ್ಷಮಿಸಿರೆಂದೂ ಕೇಳುವುದಿಲ್ಲ. ಎಲ್ಲ ವಿಷಯಗಳಲ್ಲೂ ಸೊನ್ನೆ ಕೊಡಿರಿ, ಸಂತೋಷದಿಂದ ತೆಗೆದುಕೊಳ್ಳುತ್ತೇನೆ.

ನಾಟಕದ ಕೊನೆಗೆ ಬಾಗಿಲು ತೆರೆದಾಗ ಅರಸಿ ಓಡಿ ಬಂದು ಅರಸನ ಕಾಲು ಮುಟ್ಟಿ ‘ಧನ್ಯಳಾದೆ’ ಅನ್ನುತ್ತಾಳೆ. ಮಾರ್ಚಿನಲ್ಲಿ ಅದನ್ನು ಓದಿ ನನಗೆ ಅವಳ ಮೇಲೆ ವಿಪರೀತ ಸಿಟ್ಟು ಬಂದಿತ್ತು. ಇವಳಿಗೆ ನಾಲಿಗೆ ಇಲ್ಲವೇ ಅಂದುಕೊಂಡಿದ್ದೆ. ಈಗ ಆ ಸಿಟ್ಟು ಬರುವುದಿಲ್ಲ. ಬಾಗಿಲು ತೆರೆದಿತ್ತು, ಅದು ತಿರುಗಿ ಮುಚ್ಚುವುದರೊಳಗೆ ಅವಳು ಹೊರಗೆ ಬರಬೇಕಿತ್ತು. ಅಕ್ಟೋಬರಿನಲ್ಲಿ ನೀವು ಅದೇ ಪ್ರಶ್ನೆ ಕೇಳಿರಿ. ಅರಸನ ಔದಾರ್ಯವನ್ನು ಪುಟ ತುಂಬ ಬರೆದುಕೊಡುತ್ತೇನೆ.

ಇಂತಿ,
ಬಾಗಿಲ ಒಳಗಿನಿಂದ,
ತಮ್ಮ ಔದಾರ್ಯಕ್ಕೆ ಕಾದಿರುವ
ಜನಾಬಾಯಿ ಅಮೋಗಸಿದ್ಧ
ಭಂಡಾರಕವಠೆ, ದೀಪಾವಳಿಯವರೆಗೆ ಸೊಲ್ಲಾಪುರ
ಸೆಪ್ಟೆಂಬರ್ ೧೯೫೭